ಕೊಲೆಗಾರನ ಕತೆ ಬರೆದ ಸುರಪುರದ ಟೇಲರ್ ಸಾಹೇಬ

ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ನಾವು ಐದು ಜನ ವನಗೂರಿಗೆ ಹೋಗಿದ್ದೆವು. ಸಕಲೇಶಪುರದಿಂದ ಹೆತ್ತೂರು ದಾಟಿ ಬಿಸ್ಲೆ ಘಾಟಿನ ಕಡೆ ಹೋಗುವ ದಾರಿಯಲ್ಲಿ ಸಿಗುವ ಊರು ಅದು. ನಮ್ಮ ಸಂಘದ ಗೆಳೆಯನೊಬ್ಬನ ಮನೆ ಅಲ್ಲಿದೆ. ಜುಲೈ ತಿಂಗಳು. ಬಿಸ್ಲೆ ನೋಡೋಣ, ಮಂಜರಾಬಾದ್ ಕೋಟೆ ಹತ್ತೋಣ ಅಂತ ದೊಡ್ಡ ಪಟ್ಟಿ ಮಾಡಿಕೊಂಡು ಹೋದವರು ಮೂರು ದಿನ ಮನೆ ಬಿಟ್ಟು ಹೊರಗೆ ಕಾಲಿಡಲಿಲ್ಲ. ಮಳೆ ಅಂದರೆ ಅಂಥಾ ಮಳೆ. ತೋಟಕ್ಕೆ ಇಳಿದರೆ ಉಂಬಳ, ಒಳಗೆ ಕೂತರೆ ಕರೆಂಟಿಲ್ಲ. ಬೆಳಗ್ಗೆ ಕಡುಬು, ರಾತ್ರಿ ಅಕ್ಕಿ ರೊಟ್ಟಿ, ನಡುವೆ ಒಲೆ ಮುಂದೆ ಕೂತು ಒಂದೇ ಮೊಬೈಲಿಗೆ ಐದು ತಲೆ ಸೇರಿಸಿ ನೋಡಿದ ವೆಬ್ ಸೀರೀಸ್. ಅದೂ ಎಂಥದ್ದು? ಒಬ್ಬನೇ ಮನುಷ್ಯ ಒಬ್ಬೊಬ್ಬರನ್ನಾಗಿ ಹತ್ತಾರು ಜನರನ್ನು ಕೊಂದ ಕತೆ.

ಗೆಳೆಯನ ಅಜ್ಜಿ ಎರಡು ರಾತ್ರಿ ಸುಮ್ಮನೆ ನೋಡಿದರು. ಮೂರನೇ ರಾತ್ರಿ ಕೇಳಿದರು. ಕೊಂದವನ ಹೆಸರು, ಊರು, ಅವನ ಅಪ್ಪ ಅವನಿಗೆ ಹೊಡೀತಿದ್ದದ್ದು ಎಲ್ಲಾ ಬಾಯಿಪಾಠ ಮಾಡಿಕೊಂಡಿದ್ದೀರಲ್ಲ ಮಕ್ಕಳೇ, ಸತ್ತ ಹೆಣ್ಣುಮಕ್ಕಳ ಹೆಸರೇನು ಅಂತ. ಐದು ಜನರಲ್ಲಿ ಒಬ್ಬರಿಗೂ ಒಂದು ಹೆಸರೂ ನೆನಪಿರಲಿಲ್ಲ. ಹಿಂದಕ್ಕೆ ಓಡಿಸಿ ನೋಡೋಣ ಅಂದುಕೊಳ್ಳುವಷ್ಟರಲ್ಲಿ ಬ್ಯಾಟರಿ ಸತ್ತುಹೋಯಿತು. ಅಜ್ಜಿ ಎದ್ದು ಮಲಗಲು ಹೋದರು.

ಹಾಸ್ಟೆಲ್‌ಗೆ ಬಂದ ಮೇಲೂ ಆ ಪ್ರಶ್ನೆ ಬಿಡಲಿಲ್ಲ. ಈ ಸಂಚಿಕೆಯ ವ್ಯಕ್ತಿಪರಿಚಯ ಬರೆಯುವ ಸರದಿ ನಮ್ಮದಾಗಿತ್ತು. ವಿಶ್ವೇಶ್ವರಯ್ಯನವರ ಬಗ್ಗೆ ಈಗಾಗಲೇ ನಾಲ್ಕು ಸಲ ಬಂದಿದೆ (ಸಂಪಾದಕರು ಕ್ಷಮಿಸಬೇಕು), ಐದನೆಯದು ಬೇಡ ಅನಿಸಿತು. ಸರಣಿ ಕೊಲೆಯ ಕತೆಯನ್ನು ಜನ ಮುಗಿಬಿದ್ದು ಓದುವ ಹಾಗೆ ಮೊದಮೊದಲು ಬರೆದವರು ಯಾರು ಅಂತ ಹುಡುಕುತ್ತಾ ಹೋದವರಿಗೆ ಸಿಕ್ಕ ಮನುಷ್ಯ ನಮ್ಮ ಸುರಪುರದಲ್ಲಿ ಹನ್ನೆರಡು ವರ್ಷ ಇದ್ದವನು ಅಂತ ಗೊತ್ತಾದಾಗ ಆಶ್ಚರ್ಯವಾಯ್ತು. ಹೆಸರು ಫಿಲಿಪ್ ಮೆಡೋಸ್ ಟೇಲರ್. ಯಾದಗಿರಿ ಜಿಲ್ಲೆಯವರಿಗೆ ಟೇಲರ್ ಮಂಜಿಲ್ ಅಂದರೆ ಗೊತ್ತು. ಉಳಿದ ನಮ್ಮಂಥವರಿಗೆ ಗೊತ್ತಿಲ್ಲ. ಸುರಪುರದವರು ಅವರನ್ನು ಸಾಹೇಬರು ಅಂತ ಬಹುವಚನದಲ್ಲೇ ಕರೆಯುತ್ತಾರೆ. ನಾವು ಇತಿಹಾಸದ ಪುಸ್ತಕದ ಅಭ್ಯಾಸದಂತೆ ಅವನು ಅಂತಲೇ ಬರೆಯುತ್ತೇವೆ, ತಪ್ಪು ತಿಳಿಯಬೇಡಿ.

ಟೇಲರ್ ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ಅಪ್ಪ ವ್ಯಾಪಾರಿ, ವ್ಯಾಪಾರ ಕೈಕೊಟ್ಟಿತು. ಹದಿನೈದು ವರ್ಷದ ಹುಡುಗನನ್ನು ಮುಂಬಯಿಯ ಒಬ್ಬ ವರ್ತಕನ ಹತ್ತಿರ ಗುಮಾಸ್ತೆಯಾಗಿ ಹಡಗು ಹತ್ತಿಸಿದರು. ಮುಂದೆ ಪಾಲುದಾರ ಆಗಬಹುದು ಅನ್ನುವ ಆಸೆ. 1824ರಲ್ಲಿ ಇಲ್ಲಿಗೆ ಬಂದು ನೋಡಿದರೆ ಆ ವರ್ತಕನೇ ಸಾಲದಲ್ಲಿ ಮುಳುಗಿದ್ದ. ಕೆಲಸ ಹುಡುಕಿಕೊಂಡು ಹೋದ ಹುಡುಗನಿಗೆ ಹೈದರಾಬಾದ್ ನಿಜಾಮನ ಸೈನ್ಯದಲ್ಲಿ ಜಾಗ ಸಿಕ್ಕಿತು. ಕಂಪನಿ ಸೈನ್ಯದಲ್ಲಲ್ಲ, ನಿಜಾಮನ ಸೈನ್ಯದಲ್ಲಿ. ಈ ವ್ಯತ್ಯಾಸ ಅವನ ಜೀವನಪೂರ್ತಿ ಕಾಡಿತು. ಬಡ್ತಿ ಬಂದಾಗೆಲ್ಲ ಕಂಪನಿಯವರು ಮುಂದೆ ಹೋಗುತ್ತಿದ್ದರು, ಇವನು ಹೊರಗಿನವನಾಗಿ ಉಳಿಯುತ್ತಿದ್ದ.

ಇವನಿಗೆ ಕಾಲೇಜಿಲ್ಲ, ಡಿಗ್ರಿಯಿಲ್ಲ. ಪಾರ್ಸಿ, ಹಿಂದೂಸ್ತಾನಿ, ಮರಾಠಿ ಕಲಿತ. ಕಾನೂನು ತಾನೇ ಓದಿಕೊಂಡ. ಸರ್ವೆ ಮಾಡುವುದನ್ನೂ ತಾನೇ ಕಲಿತ. ಮುಂದೆ ಇದೇ ಸರ್ವೆ ಇಟ್ಟುಕೊಂಡು ಊರೂರಿಗೆ ರಸ್ತೆ ಹಾಕಿಸಿದ, ಕೆರೆ ಕಟ್ಟಿಸಿದ. ನಮ್ಮ ಸಿವಿಲ್ ಬ್ರಾಂಚಿನವರು ಈ ಸಾಲನ್ನು ಎರಡು ಸಲ ಓದಿಕೊಳ್ಳಲಿ.

1820ರ ದಶಕದ ಕೊನೆಯಲ್ಲಿ, ಇಪ್ಪತ್ತು ವರ್ಷದ ಆಸುಪಾಸಿನಲ್ಲಿ, ಅವನಿಗೆ ತುಳಜಾಪುರದ ಕಡೆ ಪೊಲೀಸ್ ಕೆಲಸ ಸಿಕ್ಕಿತು. ಅಲ್ಲಿಂದ ಕತೆ ಶುರು.

ರಸ್ತೆ ಬದಿಯಲ್ಲಿ ಹೆಣಗಳು ಸಿಗುತ್ತಿದ್ದವು. ಕತ್ತಿಯ ಗಾಯವಿಲ್ಲ, ಗುಂಡಿನ ಗುರುತಿಲ್ಲ, ಕುತ್ತಿಗೆ ಬಿಗಿದು ಕೊಂದದ್ದು ಮಾತ್ರ ಕಾಣುತ್ತಿತ್ತು. ಊರವರು ತಮ್ಮವರಲ್ಲ ಅನ್ನುತ್ತಿದ್ದರು. ಹಾಗಾದರೆ ಯಾರು? ಪರವೂರಿನ ಪ್ರಯಾಣಿಕರು. ಆ ಕಾಲದಲ್ಲಿ ಮನೆ ಬಿಟ್ಟವನು ತಿಂಗಳುಗಟ್ಟಲೆ ನಡೆಯುತ್ತಿದ್ದ, ಕಾಗದವಿಲ್ಲ, ಸುದ್ದಿಯಿಲ್ಲ. ಬರದೇ ಹೋದರೆ ಹುಲಿ ಹಿಡಿಯಿತೋ ಜ್ವರ ಬಂತೋ ಅಂತ ಮನೆಯವರು ಅಂದುಕೊಳ್ಳಬೇಕು, ಅಷ್ಟೇ. ಯಾರೂ ದೂರು ಕೊಡದ ಕೊಲೆ ಅದು. ಟೇಲರ್ ಒಂದಷ್ಟು ಜನರ ಮೇಲೆ ಅನುಮಾನಪಟ್ಟ, ಹಿಂಬಾಲಿಸಿದ. ಜಾಡು ಕೈಗೆ ಸಿಗುತ್ತಿದೆ ಅನ್ನುವಾಗ ಮೇಲಿನಿಂದ ಆಜ್ಞೆ ಬಂತು. ಪೊಲೀಸ್ ಕೆಲಸ ಬಿಟ್ಟು ರೆಜಿಮೆಂಟಿಗೆ ವಾಪಸ್ ಬಾ ಅಂತ. ಹೋದ. ಸ್ವಲ್ಪ ಕಾಲದಲ್ಲೇ ಮಧ್ಯಭಾರತದಲ್ಲಿ ವಿಲಿಯಂ ಸ್ಲೀಮನ್ ಅನ್ನುವ ಅಧಿಕಾರಿ ಈ ಜಾಲವನ್ನು ಬಿಚ್ಚಿ ದೊಡ್ಡ ಹೆಸರು ಮಾಡಿದ. ಇನ್ನೊಂದಿಷ್ಟು ದಿನ ತನ್ನನ್ನು ಅಲ್ಲೇ ಬಿಟ್ಟಿದ್ದರೆ ಕಂಡುಹಿಡಿದ ಕೀರ್ತಿ ತನಗೇ ಬರುತ್ತಿತ್ತು ಅನ್ನುವ ಕೊರಗು ಟೇಲರ್‌ಗೆ ಕೊನೆಯವರೆಗೂ ಹೋಗಲಿಲ್ಲ. ಆತ್ಮಕತೆಯಲ್ಲೂ ಅದನ್ನು ಮುಚ್ಚಿಟ್ಟಿಲ್ಲ. ಯಾರು ಸತ್ತರು ಅನ್ನುವುದಕ್ಕಿಂತ ಯಾರು ಮೊದಲು ಕಂಡುಹಿಡಿದರು ಅನ್ನುವುದು ದೊಡ್ಡದಾಗುವುದು ಆಗಲೂ ಇತ್ತು ನೋಡಿ.

ಆ ಕೊಲೆಗಾರರಿಗೆ ಉತ್ತರದಲ್ಲಿ ಠಗ್ಗರು ಅಂತ ಹೆಸರು. ನಮ್ಮ ಠಕ್ಕ ಇದೆಯಲ್ಲ, ಮಕ್ಕಳ ಕತೆಯ ಠಕ್ಕ ನರಿ, ಅದೇ ಮೂಲದ ಪದ. ದಕ್ಷಿಣದಲ್ಲಿ ಇವರಿಗೆ ಫಾಂಸಿಗಾರರು ಅನ್ನುತ್ತಿದ್ದರು, ಫಾಸಿ ಅಂದರೆ ಕುಣಿಕೆ. ಮದರಾಸಿನಲ್ಲಿದ್ದ ರಿಚರ್ಡ್ ಶೆರ್ವುಡ್ ಎಂಬ ವೈದ್ಯ 1816ರಲ್ಲಿ ಇವರ ಬಗ್ಗೆ ಒಂದು ಲೇಖನ ಬರೆದ. ಅದರಲ್ಲಿ ಕನ್ನಡದ ಹೆಸರೂ ಇದೆ: ತಂತಿ ಕಳ್ಳರು. ತಂತಿಯ ಕುಣಿಕೆಯಿಂದ ಬಿಗಿಯುವ ಕಳ್ಳರು ಅಂತ ಅರ್ಥ. ಅಂದರೆ ನಮ್ಮ ಸೀಮೆಯ ಜನರಿಗೆ ಇವರು ಗೊತ್ತಿದ್ದರು, ಹೆಸರಿಟ್ಟಿದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಸ್ವಲ್ಪ ದಿನಕ್ಕೆ ಬೆಂಗಳೂರಿನ ಸುತ್ತ ಸುಮಾರು ನೂರು ಜನರನ್ನು ಹಿಡಿದಿದ್ದರು. ಆದರೆ ಇವರು ಇಂಥವರು ಅಂತ ಹಿಡಿದವರಿಗೇ ಆಗ ಗೊತ್ತಾಗಲಿಲ್ಲ.

ಅವರ ರೀತಿ ಸರಳ. ಮೇಲೆ ಬಿದ್ದು ದೋಚುವ ಡಕಾಯಿತರಲ್ಲ ಇವರು. ದಾರಿಯಲ್ಲಿ ಸಿಕ್ಕ ವರ್ತಕನ ಜೊತೆ ಮಾತಾಡಿ ಸ್ನೇಹ ಬೆಳೆಸುವುದು, ಕಳ್ಳರ ಭಯ ಜಾಸ್ತಿ, ಒಟ್ಟಿಗೆ ಹೋಗೋಣ ಅನ್ನುವುದು, ಎರಡು ದಿನ ಮೂರು ದಿನ ಒಟ್ಟಿಗೆ ಉಣ್ಣುವುದು. ಆಮೇಲೆ ಒಂದು ರಾತ್ರಿ ಹಾಡು ಮಾತು ನಡೆಯುತ್ತಿರುವಾಗ ಮುಖಂಡ ಸನ್ನೆ ಮಾಡುತ್ತಾನೆ, ಹಿಂದೆ ಕೂತವನ ಕೈಯ ರುಮಾಲು ಕುತ್ತಿಗೆಗೆ ಬೀಳುತ್ತದೆ. ಗುಂಡಿ ಮೊದಲೇ ತೋಡಿರುತ್ತಿದ್ದರು. ಬೆಳಗಾಗುವಷ್ಟರಲ್ಲಿ ಅಲ್ಲಿ ಏನೂ ಇಲ್ಲ.

ಟೇಲರ್‌ಗೆ ಈ ವಿಷಯ ಎರಡನೇ ಸಲ ಎದುರಾದದ್ದು ಹಿಂಗೋಲಿಯ ದಂಡಿನಲ್ಲಿ, 1830ರ ದಶಕದ ಮೊದಲ ವರ್ಷಗಳಲ್ಲಿ. ಅವನು ಆಗ ರೆಜಿಮೆಂಟಿನ ಅಜುಟೆಂಟ್. ಹಿಂಗೋಲಿಯಲ್ಲಿ ಹರಿಸಿಂಗ್ ಅಂತ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಮರ್ಯಾದಸ್ಥ. ಟೇಲರ್ ಸೇರಿ ದಂಡಿನ ಎಲ್ಲರೂ ಅವನ ಹತ್ತಿರ ವ್ಯವಹಾರ ಮಾಡಿದವರೇ. ಸ್ಲೀಮನ್ ಹಿಡಿದವರು ಬಾಯಿ ಬಿಡುತ್ತಾ ಹೋದಾಗ ಈ ಹರಿಸಿಂಗ್ ಒಂದು ಗುಂಪಿನ ನಾಯಕ ಅಂತ ಹೊರಬಿತ್ತು. ಅವನೇ ಒಪ್ಪಿಕೊಂಡ ಒಂದು ಕೆಲಸ ಕೇಳಿ. ಮುಂಬಯಿಯಿಂದ ಬಟ್ಟೆ ತರಿಸಬೇಕು ಅಂತ ಅಧಿಕಾರಿ ಹತ್ತಿರ ರಹದಾರಿ ಪತ್ರ ಬರೆಸಿಕೊಂಡ. ನಿಜ ಏನೆಂದರೆ ಹಿಂಗೋಲಿಗೆ ದೂರವಲ್ಲದ ಊರಿನ ಇನ್ನೊಬ್ಬ ವರ್ತಕ ಅದೇ ಬಟ್ಟೆ ಹೇರಿಕೊಂಡು ಬರುತ್ತಿರುವುದು ಇವನಿಗೆ ಗೊತ್ತಿತ್ತು. ದಾರಿಯಲ್ಲಿ ಆ ವರ್ತಕನನ್ನು, ಅವನ ಆಳುಗಳನ್ನು, ಎತ್ತು ಹೊಡೆಯುವವರನ್ನು ಮುಗಿಸಿದ. ಸರ್ಕಾರದ ರಹದಾರಿ ತೋರಿಸಿಕೊಂಡು ಮಾಲು ತಂದ. ದಂಡಿನ ಬಜಾರಿನಲ್ಲಿ ಬಹಿರಂಗವಾಗಿ ಮಾರಿದ. ಅದನ್ನು ಹೇಳುವಾಗ ನಗುತ್ತಿದ್ದನಂತೆ, ದೊಡ್ಡ ತಮಾಷೆ ಮಾಡಿದವನ ಹಾಗೆ.

ಆಮೇಲೆ ಗುಂಡಿ ಅಗೆಯುವುದು ಶುರುವಾಯಿತು. ಹಿಡಿದವರು ಒಂದೊಂದಾಗಿ ಜಾಗ ತೋರಿಸಿದರು. ದಂಡಿನ ಮುಖ್ಯ ಪಹರೆಯಿಂದ ನೂರು ಗಜದೊಳಗೆ, ಬಜಾರಿನಲ್ಲೇ ಕೊಲೆಗಳಾಗಿದ್ದವು. ಪಹರೆಯವರು ಓಡಾಡುವ ಸಾಲಿನಿಂದ ಐದುನೂರು ಗಜವೂ ಇಲ್ಲದ ಜಾಗದಲ್ಲಿ ಹೂತಿದ್ದರು. ಒಂದೊಂದು ಗುಂಡಿಯಲ್ಲಿ ಹಲವು ಹೆಣ. ಟೇಲರ್ ಎದುರಿಗೇ ನಿಂತು ನೋಡಿದ. ದಿನವೂ ತಾನು ಕುದುರೆ ಮೇಲೆ ಹೋಗುತ್ತಿದ್ದ ನೆಲ ಅದು. ಮಾಫಿಸಾಕ್ಷಿಗಳಾದವರ ಹೇಳಿಕೆ ಬರೆದುಕೊಳ್ಳುವ ಕೆಲಸಕ್ಕೆ ತಾನಾಗೇ ಮುಂದೆ ಬಂದ. ದಿನಗಟ್ಟಲೆ ಕೂತು ಕೇಳಿದ. ಕೊಂದವರು ತಮ್ಮ ಕೆಲಸವನ್ನು ಕೂಲಿಯಾಳು ಸುಗ್ಗಿಯ ಕತೆ ಹೇಳುವಷ್ಟು ಸಲೀಸಾಗಿ ಹೇಳುತ್ತಿದ್ದರು.

1830ರ ದಶಕದ ಕೊನೆಗೆ ಜ್ವರದಿಂದ ಸೊರಗಿದ ಟೇಲರ್ ರಜೆ ಹಾಕಿ ಇಂಗ್ಲೆಂಡಿಗೆ ಹೋದ. 1839ರಲ್ಲಿ ರಿಚರ್ಡ್ ಬೆಂಟ್ಲಿ ಎಂಬ ಪ್ರಕಾಶಕ ಅವನ ಕಾದಂಬರಿಯನ್ನು ಮೂರು ಸಂಪುಟಗಳಲ್ಲಿ ತಂದ. ಹೆಸರು ಕನ್ಫೆಷನ್ಸ್ ಆಫ್ ಎ ಠಗ್, ಅಂದರೆ ಒಬ್ಬ ಠಗ್ಗನ ತಪ್ಪೊಪ್ಪಿಗೆ. ಲಂಡನ್ ಹುಚ್ಚೆದ್ದು ಓದಿತು. ಆಗಷ್ಟೇ ಪಟ್ಟಕ್ಕೆ ಬಂದಿದ್ದ ಇಪ್ಪತ್ತು ವರ್ಷದ ರಾಣಿ ವಿಕ್ಟೋರಿಯಾ ಪುಸ್ತಕ ಮುಗಿಯುವವರೆಗೂ ಕಾಯಲಾರದೆ ಅಚ್ಚಿನ ಹಾಳೆಗಳು ತಿದ್ದಿ ಬಂದ ಹಾಗೆಲ್ಲ ತನಗೆ ಕಳಿಸಿಕೊಡಿ ಅಂತ ಹೇಳಿಕಳಿಸಿದಳು. ಮುಂದಿನ ಎಪಿಸೋಡಿಗೆ ಕಾಯಲಾರದೆ ವನಗೂರಿನಲ್ಲಿ ನಾವು ಬ್ಯಾಟರಿ ಖಾಲಿ ಮಾಡಿದ ಹಾಗೇ.

ಪುಸ್ತಕದ ಗುಟ್ಟು ಒಂದೇ. ಕತೆ ಹೇಳುವವನು ಕೊಲೆಗಾರ. ಅಮೀರ್ ಅಲಿ ಅನ್ನುವ ಕೈದಿ ಸಾಹೇಬನ ಎದುರು ಕೂತು ನಾನು ಹೀಗೆ ಮಾಡಿದೆ, ಹಾಗೆ ಮಾಡಿದೆ ಅಂತ ಹೇಳುತ್ತಾ ಹೋಗುತ್ತಾನೆ. ಆ ಹೆಸರಿನ ನಿಜವಾದ ಮಾಫಿಸಾಕ್ಷಿಯೊಬ್ಬನಿದ್ದ, ಅವನು ಒಪ್ಪಿಕೊಂಡ ಲೆಕ್ಕ 719 ಜೀವ. ಕಾದಂಬರಿಯ ಅಮೀರ್ ಅಲಿ ಚೆಲುವ, ಮಾತುಗಾರ, ಹೆಂಡತಿ ಮಕ್ಕಳನ್ನು ಪ್ರೀತಿಸುವವನು. ಅವನ ಬಾಲ್ಯವಿದೆ: ಹೆತ್ತವರನ್ನು ಕೊಂದ ಠಗ್ಗನೇ ಅವನನ್ನು ಸಾಕಿ ಮಗನನ್ನಾಗಿ ಮಾಡಿಕೊಂಡಿರುತ್ತಾನೆ. ಓದುತ್ತಾ ಓದುತ್ತಾ ಒಂದು ಕಡೆ ಅವನು ಸಿಕ್ಕಿಬೀಳದಿರಲಿ ಅಂತ ನಮಗೇ ಅನಿಸಿಬಿಡುತ್ತದೆ. ಹಾಗನ್ನಿಸಿದ್ದು ನಾಚಿಕೆ ಆಯ್ತು, ಆದರೂ ಹೇಳುತ್ತಿದ್ದೇವೆ. ಟೇಲರ್ ದಡ್ಡನಲ್ಲ, ಅದು ಅವನಿಗೂ ಗೊತ್ತಿತ್ತು. ಅದಕ್ಕೇ ಕೊನೆಗೆ ಒಂದು ಏಟು ಇಟ್ಟಿದ್ದಾನೆ. ಅಮೀರ್ ಅಲಿ ಕೊಂದವರಲ್ಲಿ ಒಬ್ಬಳ ಕುತ್ತಿಗೆಯಲ್ಲಿದ್ದ ಹಳೆಯ ನಾಣ್ಯದ ತಾಯಿತದಿಂದ, ಆಕೆ ಚಿಕ್ಕಂದಿನಲ್ಲಿ ಕಳೆದುಹೋದ ತನ್ನ ಸ್ವಂತ ತಂಗಿ ಅಂತ ಅವನಿಗೆ ತಿಳಿಯುತ್ತದೆ. ಇಡೀ ಪುಸ್ತಕದಲ್ಲಿ ಅವನು ಕುಸಿಯುವುದು ಅಲ್ಲಿ. ಸತ್ತವರಿಗೆ ಒಬ್ಬ ಅಣ್ಣನಿದ್ದಾನೆ, ಒಂದು ಮನೆಯಿದೆ ಅನ್ನುವುದು ಅವನ ಮನೆಯೇ ಆದಾಗ ಮಾತ್ರ ಅವನಿಗೆ ಕಂಡದ್ದು. ಓದುಗರಿಗೂ ಅಲ್ಲೇ ಕಂಡದ್ದು. ಅದಕ್ಕೆ ಮೊದಲು ನೂರಾರು ಪುಟ ವರ್ತಕರು, ಮುನ್ಷಿಗಳು, ಹೆಂಗಸರು, ಮಕ್ಕಳು ಸಾಲಾಗಿ ಬಂದು ಸತ್ತುಹೋಗಿರುತ್ತಾರೆ, ನಾವು ಪುಟ ತಿರುಗಿಸಿರುತ್ತೇವೆ.

ಆ ಪುಸ್ತಕದ ಮತ್ತು ಸ್ಲೀಮನ್ ಬರಹಗಳ ಕಾಲದಲ್ಲೇ ಠಗ್ ಅನ್ನುವ ಪದ ಇಂಗ್ಲಿಷಿನಲ್ಲಿ ಬೇರೂರಿತು. ಇವತ್ತು ಅಮೆರಿಕದ ರ‍್ಯಾಪ್ ಹಾಡುಗಾರ ಆ ಪದ ಹೇಳುವಾಗ ನಿಜಾಮನ ರಸ್ತೆಗಳು ಅವನ ತಲೆಯಲ್ಲಿರುವುದಿಲ್ಲ ಬಿಡಿ. ಲೆಕ್ಕಗಳೂ ಬೆಳೆದವು. ಬೆಹ್ರಾಮ್ ಅನ್ನುವ ಠಗ್ಗ 931 ಜನರನ್ನು ಕೊಂದ, ಜಗತ್ತಿನಲ್ಲೇ ದಾಖಲೆ ಅಂತ ಎಷ್ಟೋ ಕಡೆ ಅಚ್ಚಾಗಿದೆ. ಅವನ ಹೇಳಿಕೆಯನ್ನು ಬರೆದುಕೊಂಡ ಕಡತದ ಪ್ರಕಾರ ಅವನು ತನ್ನ ಕೈಯಾರೆ ಕೊಂದದ್ದು ಸುಮಾರು 125, ಕಣ್ಣೆದುರು ನೋಡಿದ್ದು ಇನ್ನೊಂದು 150. ಅದೇನು ಕಡಿಮೆಯೇ? ಆದರೆ ಜನರಿಗೆ ಸಾಲಲಿಲ್ಲ. ಗುಂಪು ಮಾಡಿದ್ದನ್ನೆಲ್ಲ ಒಬ್ಬನ ಖಾತೆಗೆ ಹಾಕಿ ದಾಖಲೆ ಮಾಡಿದರು. ಕೊಲೆಯಲ್ಲೂ ಫಸ್ಟ್ ರ‍್ಯಾಂಕ್ ಯಾರು ಅಂತ ನೋಡುವ ಚಟ.

ಸರ್ಕಾರವೂ ಈ ಕತೆಯನ್ನು ಬಳಸಿಕೊಂಡಿತು. 1836ರ ಕಾಯ್ದೆಯ ಪ್ರಕಾರ ಒಬ್ಬನನ್ನು ಜೀವಾವಧಿ ಒಳಗೆ ಹಾಕಲು ಅವನು ಇಂಥವನನ್ನು ಕೊಂದ ಅಂತ ಸಾಬೀತು ಮಾಡಬೇಕಿರಲಿಲ್ಲ, ಠಗ್ಗರ ಗುಂಪಿನವನು ಅಂತಾದರೆ ಸಾಕಿತ್ತು. ಗುರುತು ಹಿಡಿಯುವವರು ಯಾರು? ತಮ್ಮ ಕುತ್ತಿಗೆ ಉಳಿಸಿಕೊಳ್ಳಲು ಮಾಫಿಸಾಕ್ಷಿಗಳಾದ ಇನ್ನೊಂದಿಷ್ಟು ಠಗ್ಗರು. ಈ ಯೋಚನೆಯೇ ಬೆಳೆದು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆಯಾಯಿತು. ಹುಟ್ಟಿನಿಂದಲೇ ಕಳ್ಳರು ಅಂತ ಅಲೆಮಾರಿ ಜನಾಂಗಗಳಿಗೆ ಮುದ್ರೆ ಒತ್ತಿತು. ಅದು ರದ್ದಾದದ್ದು ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ. ಠಗ್ಗರು ಕಾಳಿಯ ಹೆಸರಲ್ಲಿ ಬಲಿ ಕೊಡುತ್ತಿದ್ದ ಒಂದು ಗುಪ್ತ ಪಂಥ ಅನ್ನುವ ಚಿತ್ರವನ್ನು ಬ್ರಿಟಿಷರು ಬಹಳ ಉಬ್ಬಿಸಿದರು ಅಂತ ಈಗಿನ ಇತಿಹಾಸಕಾರರು ಅನೇಕರು ಹೇಳುತ್ತಾರೆ. ಆ ಉಬ್ಬಿದ ಚಿತ್ರವೇ 1984ರ ಇಂಡಿಯಾನಾ ಜೋನ್ಸ್ ಸಿನಿಮಾದವರೆಗೂ ಬಂದು ಕೂತಿದೆ. ಹಾಗಂತ ಕೊಲೆಗಳು ಸುಳ್ಳಾಗುವುದಿಲ್ಲ. ಹಿಂಗೋಲಿಯ ಗುಂಡಿಗಳಲ್ಲಿ ಮೂಳೆ ಇದ್ದದ್ದು ನಿಜ.

ಇದನ್ನೆಲ್ಲ ಓದುವಾಗ ನಮ್ಮ ಕಾಲದ್ದೇ ನೆನಪಾಗುತ್ತಿತ್ತು. ದಂಡುಪಾಳ್ಯ ಅನ್ನುವುದು ಹೊಸಕೋಟೆ ತಾಲ್ಲೂಕಿನ ಒಂದು ಊರು, ಎಲ್ಲ ಊರಿನ ಹಾಗೆ ರಾಗಿ ಬೆಳೆದುಕೊಂಡಿದ್ದದ್ದು. ಒಂದು ಗುಂಪು ಮಾಡಿದ ಕೊಲೆಗಳಿಂದ ಅದು ಗ್ಯಾಂಗಿನ ಹೆಸರಾಯಿತು, 2012ರಲ್ಲಿ ಸಿನಿಮಾದ ಹೆಸರಾಯಿತು, ಆಮೇಲೆ ಎರಡನೇ ಭಾಗ, ಮೂರನೇ ಭಾಗ. ಆ ಊರಿನ ಹುಡುಗನೊಬ್ಬ ನಮ್ಮ ಕಾಲೇಜಿಗೆ ಸೇರಿದರೆ ಮೊದಲ ದಿನ ಊರು ಕೇಳಿದಾಗ ಏನು ಹೇಳಬೇಕು? ಪ್ರಾಥಮಿಕ ಶಾಲೆಯ ಮೇಷ್ಟ್ರೊಬ್ಬ ಮದುವೆಯಾಗುತ್ತೇನೆ ಅಂತ ನಂಬಿಸಿ ದಕ್ಷಿಣ ಕನ್ನಡದ ಬಡ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಿ, ಗರ್ಭ ನಿಲ್ಲದ ಮಾತ್ರೆ ಅಂತ ವಿಷ ಕೊಟ್ಟ. 2009ರಲ್ಲಿ ಸಿಕ್ಕಿಬಿದ್ದ. ಅವನು ಮೋಹನ ಅಲ್ಲ, ಸೈನೈಡ್ ಮೋಹನ. ಪೇಪರಿನವರು ಇಟ್ಟ ಬಿರುದು. ಅವನ ಜೊತೆ ಹೋದವರು ಬಸ್ ಸ್ಟ್ಯಾಂಡಿನ ಶೌಚಾಲಯಗಳಲ್ಲಿ ಹೆಣವಾಗಿ ಸಿಕ್ಕರು, ನಮ್ಮ ಹಾಸನದ ಬಸ್ ಸ್ಟ್ಯಾಂಡಿನಲ್ಲೂ. ವನಗೂರಿಗೆ ಹೋಗುವಾಗ ನಾವು ಅಲ್ಲೇ ಬಸ್ ಬದಲಾಯಿಸಿ ಕಾಫಿ ಕುಡಿದಿದ್ದೆವು. ಪ್ರತಿ ಊರಿನ ಪೊಲೀಸರಿಗೂ ಅದೊಂದು ಗುರುತು ಸಿಗದ ಒಂಟಿ ಹೆಣ. ಮಗಳು ಯಾರನ್ನೋ ಕಟ್ಟಿಕೊಂಡು ಎಲ್ಲೋ ಸುಖವಾಗಿದ್ದಾಳೆ ಅಂದುಕೊಂಡ ಮನೆಯವರು ಎಷ್ಟೋ ಜನ. ಟೇಲರ್ ಕಂಡ ರಸ್ತೆಗೂ ಈ ಬಸ್ ಸ್ಟ್ಯಾಂಡಿಗೂ ನಡುವೆ 180 ವರ್ಷ. ದೂರು ಬಾರದ ಸಾವು, ನಂಬಿಕೆ ಹುಟ್ಟಿಸಿ ಜೊತೆಗೆ ಕರೆದುಕೊಂಡು ಹೋಗುವ ರೀತಿ, ಎರಡೂ ಹಾಗೇ ಇವೆ.

ಮತ್ತೆ ಟೇಲರ್ ಹತ್ತಿರ ಬರೋಣ. ಪುಸ್ತಕದ ಹೆಸರು ಹೊತ್ತುಕೊಂಡು ಅವನು ಲಂಡನ್ನಿನಲ್ಲೇ ಉಳಿಯಲಿಲ್ಲ. ಟೈಮ್ಸ್ ಪತ್ರಿಕೆ ಅವನನ್ನು ಭಾರತದ ವರದಿಗಾರನನ್ನಾಗಿ ಮಾಡಿಕೊಂಡಿತು, 1840ರಿಂದ 1853ರವರೆಗೆ ಬರೆದ. ವಾಪಸ್ ಬಂದವನನ್ನು ಹೈದರಾಬಾದಿನ ರೆಸಿಡೆಂಟ್ 1841ರಲ್ಲಿ ಸುರಪುರಕ್ಕೆ ಕಳಿಸಿದ. ಬೇಡ ನಾಯಕರ ಸಂಸ್ಥಾನ. ನಿಜಾಮನಿಗೆ ಕಪ್ಪದ ಬಾಕಿ ತಲೆ ಮೇಲಿತ್ತು. 1842ರಲ್ಲಿ ರಾಜ ಕೃಷ್ಣಪ್ಪ ನಾಯಕ ತೀರಿಕೊಂಡ. ಮಗ ವೆಂಕಟಪ್ಪ ನಾಯಕ ಏಳೆಂಟು ವರ್ಷದ ಹುಡುಗ. ತಾಯಿ ಈಶ್ವರಮ್ಮ ರಾಣಿಗೂ ದರಬಾರಿಗೂ ಎಳೆದಾಟ. ಬೇಡರೆಂದರೆ ದರೋಡೆಕೋರರು ಅಂತ ಬ್ರಿಟಿಷ್ ಕಡತಗಳಲ್ಲಿ ಬರೆದಿರುತ್ತಿತ್ತು. ಠಗ್ಗರ ಪುಸ್ತಕ ಬರೆದವನು ಇವರ ನಡುವೆ ಹೇಗಿರುತ್ತಾನೆ ಅಂತ ನಮಗೆ ಕುತೂಹಲವಿತ್ತು. ಇಡೀ ಕುಲವನ್ನೇ ಕಳ್ಳರೆನ್ನುವ ಕಾಲದಲ್ಲಿ ಅವನು ಬೇಡ ನಾಯಕರನ್ನು ಎದುರು ಕೂರಿಸಿಕೊಂಡು ಮಾತಾಡಿದ. ಭೂಮಿ ಅಳೆಸಿ ಕಂದಾಯ ಗೊತ್ತು ಮಾಡಿದ, ಕೆರೆಗಳನ್ನು ದುರಸ್ತಿ ಮಾಡಿಸಿದ. ಗುಡ್ಡದ ಮೇಲೆ ಮನೆ ಕಟ್ಟಿಕೊಂಡ, ಅದೇ ಟೇಲರ್ ಮಂಜಿಲ್. ತಂದೆಯಿಲ್ಲದ ಹುಡುಗ ರಾಜ ಅವನನ್ನು ಅಪ್ಪಾ ಅಂತಲೇ ಕರೆಯುತ್ತಿದ್ದ.

ಬಿಡುವಿದ್ದಾಗ ಟೇಲರ್ ಹಳೆಯ ಗೋರಿಗಳನ್ನು ಹುಡುಕುತ್ತಿದ್ದ. ರಾಜನ ಕೋಳೂರು, ವಿಭೂತಿಹಳ್ಳಿ, ಜೇವರ್ಗಿ ಸುತ್ತ ಇರುವ ಬೃಹತ್ ಶಿಲಾಯುಗದ ಕಲ್ಲುಗಳನ್ನು ಅಳತೆ ಮಾಡಿ, ಅಗೆದು, ಚಿತ್ರ ಬರೆದು, ವಿದ್ವಾಂಸರ ಪತ್ರಿಕೆಗಳಿಗೆ ಕಳಿಸಿದ. ಕರ್ನಾಟಕದ ಪ್ರಾಗಿತಿಹಾಸ ಓದುವವರು ಇವತ್ತಿಗೂ ಅವನ ಹೆಸರು ಬಿಡುವುದಿಲ್ಲ. ಹಿಂಗೋಲಿಯಲ್ಲಿ ಗುಂಡಿ ಅಗೆಯುವುದನ್ನು ನಿಂತು ನೋಡಿದ್ದ ಮನುಷ್ಯ ಇಲ್ಲಿ ಸಾವಿರಾರು ವರ್ಷದ ಹಿಂದಿನ ಮೂಳೆಗಳನ್ನು ಒಂದೊಂದಾಗಿ ಎತ್ತಿ, ಯಾವ ದಿಕ್ಕಿಗೆ ತಲೆ ಇತ್ತು ಅಂತ ಕೂಡ ಬರೆದಿಟ್ಟ.

1853ರಲ್ಲಿ ರಾಜ ಪ್ರಾಯಕ್ಕೆ ಬಂದ. ಟೇಲರ್ ಅಧಿಕಾರ ಒಪ್ಪಿಸಿ ನಳದುರ್ಗಕ್ಕೆ ಹೋದ. ಸಂಸ್ಥಾನದ ಹೊಸ ಜ್ಯೋತಿಷಿಗಳು, ಹಳೆಯ ಸಾಲಗಾರರು, ಮೇಲಿಂದ ನಿಜಾಮ ಮತ್ತು ಕಂಪನಿ, ಎಲ್ಲರ ನಡುವೆ ಹುಡುಗ ಸಿಕ್ಕಿಕೊಂಡ. 1858ರ ಫೆಬ್ರವರಿಯಲ್ಲಿ ಸುರಪುರ ಕಂಪನಿಯ ವಿರುದ್ಧ ಎದ್ದಿತು. ಸೋತಿತು. ಹೈದರಾಬಾದಿನಲ್ಲಿ ವೆಂಕಟಪ್ಪ ನಾಯಕ ಸಿಕ್ಕಿಬಿದ್ದ. ಸೆರೆಮನೆಗೆ ಬಂದ ಟೇಲರ್‌ನನ್ನು ಅವನು ತಬ್ಬಿಕೊಂಡು ಅತ್ತ. ಸಾಯಲು ಹೆದರಿಕೆಯಿಲ್ಲ, ಆದರೆ ಕಳ್ಳನ ಹಾಗೆ ನೇಣಿಗೆ ಹಾಕಬೇಡಿ, ಬೇಕಾದರೆ ತೋಪಿನ ಬಾಯಿಗೆ ಕಟ್ಟಲಿ ಅಂತ ಕೇಳಿಕೊಂಡ. ಇವನ ಜಾತಕ ಬರೆದ ಬ್ರಾಹ್ಮಣ ಇಪ್ಪತ್ತನಾಲ್ಕನೇ ವರ್ಷ ದಾಟುವುದಿಲ್ಲ ಅಂತ ಹಿಂದೆಯೇ ಟೇಲರ್‌ಗೆ ಗುಟ್ಟಾಗಿ ಹೇಳಿದ್ದ. ಮರಣದಂಡನೆ ಗಡೀಪಾರಾಯಿತು, ಗಡೀಪಾರು ನಾಲ್ಕು ವರ್ಷದ ಸೆರೆಯಾಯಿತು. ಜಾತಕ ಸುಳ್ಳಾಯಿತು ಅಂತ ಟೇಲರ್ ನಿಟ್ಟುಸಿರು ಬಿಟ್ಟ. ಚೆಂಗಲ್ಪಟ್ಟಿಗೆ ಕರೆದೊಯ್ಯುವ ದಾರಿಯಲ್ಲಿ, ಮೇ ತಿಂಗಳಲ್ಲಿ, ಕಾವಲಿನ ಅಧಿಕಾರಿಯ ರಿವಾಲ್ವರಿನ ಗುಂಡಿನಿಂದ ರಾಜ ಸತ್ತ. ತಾನೇ ಹಾರಿಸಿಕೊಂಡ ಅಂತ ದಾಖಲೆ. ಸಂಸ್ಥಾನ ನಿಜಾಮನಿಗೆ ಹೋಯಿತು.

ಅಮೀರ್ ಅಲಿಯ 719ರ ಲೆಕ್ಕವನ್ನು ಕೈ ನಡುಗದೆ ಬರೆದ ಟೇಲರ್ ಈ ಒಂದು ಸಾವನ್ನು ಬರೆಯುವಾಗ ಬೇರೆ ಮನುಷ್ಯನಾಗುತ್ತಾನೆ. ಆತ್ಮಕತೆಯಲ್ಲಿ ಆ ಭಾಗ ಓದಿದರೆ ಗೊತ್ತಾಗುತ್ತದೆ. ಹುಡುಗ ಚಿಕ್ಕಂದಿನಲ್ಲಿ ಹೇಗೆ ಬಂದು ಪಕ್ಕ ಕೂರುತ್ತಿದ್ದ ಅನ್ನುವುದರಿಂದ ಹಿಡಿದು ಎಲ್ಲವೂ ನೆನಪಿದೆ ಅವನಿಗೆ. ಆ ಸತ್ತವನಿಗೆ ಹೆಸರಿತ್ತು, ಬಾಲ್ಯವಿತ್ತು, ಅಪ್ಪಾ ಅಂತ ಕರೆದ ದನಿಯಿತ್ತು.

1860ರಲ್ಲಿ ಟೇಲರ್ ನಿವೃತ್ತನಾಗಿ ಮರಳಿದ. ಆಮೇಲೆ ತಾರಾ, ರಾಲ್ಫ್ ಡಾರ್ನೆಲ್, ಸೀತಾ ಅಂತ ಒಂದರ ಹಿಂದೆ ಒಂದು ಕಾದಂಬರಿ. ಚಾಂದಬೀಬಿಯ ಮೇಲೂ ಒಂದು. ಯಾವುದಕ್ಕೂ ಆ ಮೊದಲ ಪುಸ್ತಕದ ಓಟ ಬರಲಿಲ್ಲ. ಕಣ್ಣು ಮಂಜಾಗುತ್ತಾ ಬಂತು. 1875ರಲ್ಲಿ ಒಂದು ಸಲ ಹೈದರಾಬಾದಿಗೆ ಬಂದು ಜ್ವರ ಹತ್ತಿಸಿಕೊಂಡು ಹೋದವನು ಚೇತರಿಸಿಕೊಳ್ಳಲಿಲ್ಲ. 1876ರ ಮೇ 13ರಂದು ಫ್ರಾನ್ಸಿನ ಮೆಂಟನ್ ಎಂಬ ಊರಿನಲ್ಲಿ ತೀರಿಕೊಂಡ. ಆತ್ಮಕತೆಯನ್ನು ಮಗಳು ಆಲಿಸ್ ಮರುವರ್ಷ ಅಚ್ಚು ಹಾಕಿಸಿದಳು.

ಇದನ್ನೆಲ್ಲ ಬರೆದು ಮುಗಿಸಿ, ಹಿಂಗೋಲಿಯ ಬಟ್ಟೆ ವರ್ತಕನ ಹೆಸರು ಹುಡುಕಿದೆವು. ಹರಿಸಿಂಗ್ ಕೊಂದನಲ್ಲ, ಆ ವರ್ತಕ. ಟೇಲರ್ ಬರೆದ ಮುನ್ನುಡಿಯಲ್ಲಿ ಹರಿಸಿಂಗನ ಹೆಸರಿದೆ, ರಹದಾರಿ ಬರೆದುಕೊಟ್ಟ ಅಧಿಕಾರಿಯ ಹೆಸರಿದೆ. ವರ್ತಕ ಮಾತ್ರ ಹತ್ತಿರದ ಒಂದು ಊರಿನ ವರ್ತಕ. ಎತ್ತು ಹೊಡೆಯುವವರು ಎತ್ತು ಹೊಡೆಯುವವರೇ.

ವನಗೂರಿಗೆ ಫೋನ್ ಮಾಡಿ ಅಜ್ಜಿಗೆ ಇಡೀ ಕತೆ ಹೇಳಿದೆವು. ರಾಣಿ ಹಾಳೆ ತರಿಸಿಕೊಂಡು ಓದಿದ್ದು ಕೇಳಿ ನಕ್ಕರು. ಸುರಪುರದ ಹುಡುಗನ ಸಾವಿಗೆ ಅಯ್ಯೋ ಅಂದರು. ವರ್ತಕನ ವಿಷಯಕ್ಕೆ ಬಂದಾಗ ಅವನ ಹೆಂಡತಿಗೆ ಯಾರಾದರೂ ಹೋಗಿ ಹೇಳಿದರಾ ಅಂತ ಕೇಳಿದರು. ಅದು ಎಲ್ಲೂ ಬರೆದಿಲ್ಲ ಅಜ್ಜಿ ಅಂದೆವು. ಆ ಕಡೆಯಿಂದ ಸ್ವಲ್ಪ ಹೊತ್ತು ಮಳೆ ಸದ್ದು ಮಾತ್ರ ಕೇಳಿಸಿತು. ಆಮೇಲೆ ಊಟ ಆಯ್ತಾ ಅಂತ ವಿಚಾರಿಸಿ ಫೋನ್ ಇಟ್ಟರು.